'ಫಾಸ್ಟ್ ಆರ್‌ಎಂಎಕ್ಸ್': ಹೊಗಳಿಕೆಯ ಹಿಂದೆಯೇ ಬಂದ ಹೋಲಿಕೆ

ಬೆರಳೆಣಿಕೆಯ ಮಂದಿ ಸೇರಿ ರೂಪಿಸಿದ ಕಾರ್ ರೇಸ್ ಮಾದರಿಯ ಆಟವೊಂದು, ಜಪಾನಿನ ದೈತ್ಯ ಸಂಸ್ಥೆಯ ಹೊಸ ಯಂತ್ರದೊಂದಿಗೆ ಮೊದಲ ದಿನವೇ ಮಾರುಕಟ್ಟೆಗೆ ಬಂದರೆ ವಿಮರ್ಶಕರು ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? 2017ರ ಮಾರ್ಚ್ 3ರಂದು ನಿಂಟೆಂಡೊ ತನ್ನ 'ಸ್ವಿಚ್' ಯಂತ್ರವನ್ನು ಬಿಡುಗಡೆ ಮಾಡಿದಾಗ ಎದುರಾದ ಪ್ರಶ್ನೆ ಇದು. ಅಂದು ಎಲ್ಲರ ಕಣ್ಣು 'ಜೆಲ್ಡಾ' ಸರಣಿಯ ಹೊಸ ಆಟದ ಮೇಲಿತ್ತು. ಅದರ ನೆರಳಿನಲ್ಲಿ, ಡೌನ್‌ಲೋಡ್ ರೂಪದಲ್ಲಿ, 20 ಡಾಲರ್ ಬೆಲೆಗೆ ಬಂದದ್ದು 'ಫಾಸ್ಟ್ ಆರ್‌ಎಂಎಕ್ಸ್'.

ಇದನ್ನು ತಯಾರಿಸಿದ್ದು ಜರ್ಮನಿಯ ಮ್ಯೂನಿಕ್ ನಗರದ ಶಿನೆನ್ ಮಲ್ಟಿಮೀಡಿಯಾ. 1999ರಲ್ಲಿ ಆರಂಭವಾದ ಈ ಸಂಸ್ಥೆಯ ಬೇರುಗಳು 'ಡೆಮೊಸೀನ್' ಎಂಬ ಹವ್ಯಾಸಿ ಬಳಗದಲ್ಲಿವೆ. ಅಮಿಗಾ ಕಂಪ್ಯೂಟರ್‌ಗಳ ಕಾಲದಲ್ಲಿ, ಅತ್ಯಲ್ಪ ಸ್ಮರಣಶಕ್ತಿಯ ಯಂತ್ರದಿಂದ ಬೆರಗುಗೊಳಿಸುವ ಚಿತ್ರ ಮತ್ತು ಸಂಗೀತವನ್ನು ಹೊರಡಿಸುವುದೇ ಆ ಬಳಗದ ಪಣವಾಗಿತ್ತು. ಆ ಜಿಪುಣತನ ಮುಂದೆಯೂ ಉಳಿದುಬಂದಿತು. 30 ರೇಸ್ ಪಥಗಳು, 15 ವಾಹನಗಳುಳ್ಳ ಆರ್‌ಎಂಎಕ್ಸ್ ಒಂದು ಗಿಗಾಬೈಟ್‌ಗಿಂತ ಕಡಿಮೆ ಜಾಗದಲ್ಲಿ ಅಡಕವಾಗಿತ್ತು. ದೊಡ್ಡ ಸಂಸ್ಥೆಗಳ ಆಟಗಳು ಹತ್ತಾರು ಗಿಗಾಬೈಟ್ ನುಂಗುತ್ತಿದ್ದ ಕಾಲವದು ಎಂಬುದನ್ನು ನೆನಪಿಡಬೇಕು.

ಆಟದ ಕಥೆಯೆಂಬುದೇನೂ ಇಲ್ಲ. ನೆಲದಿಂದ ತುಸು ಮೇಲೆ ತೇಲುವ ಭವಿಷ್ಯದ ವಾಹನಗಳು ಮರುಭೂಮಿ, ಹಿಮಪ್ರದೇಶ, ಮಳೆಯಲ್ಲಿ ತೊಯ್ದ ನಗರ, ಬಾಹ್ಯಾಕಾಶಗಳ ನಡುವೆ ನುಗ್ಗುತ್ತವೆ. ವಿಶೇಷವಿರುವುದು ಪಥದ ಮೇಲೆ ಹಾಸಿದ ನೀಲಿ ಮತ್ತು ಕಿತ್ತಳೆ ಪಟ್ಟಿಗಳಲ್ಲಿ. ಆಟಗಾರ ಗುಂಡಿಯೊಂದನ್ನು ಒತ್ತಿ ವಾಹನದ ಬಣ್ಣ ಬದಲಿಸಬೇಕು. ಪಟ್ಟಿಯ ಬಣ್ಣಕ್ಕೆ ಹೊಂದಿದರೆ ವೇಗ ಹೆಚ್ಚುತ್ತದೆ. ಹೊಂದದಿದ್ದರೆ ಗಾಡಿ ಒಮ್ಮೆಲೇ ಮಂದವಾಗುತ್ತದೆ. ಮಿಂಚಿನ ವೇಗದ ನಡುವೆ ಈ ನಿರ್ಧಾರ ಕ್ಷಣಾರ್ಧದಲ್ಲಿ ಆಗಬೇಕು. 2011ರ 'ಫಾಸ್ಟ್ ರೇಸಿಂಗ್ ಲೀಗ್'ನಲ್ಲಿ ಕಪ್ಪು-ಬಿಳುಪಿನಲ್ಲಿ ಆರಂಭವಾದ ಈ ಕಲ್ಪನೆ, 2015ರ ಡಿಸೆಂಬರ್‌ನಲ್ಲಿ 'ವೀ ಯು' ಯಂತ್ರಕ್ಕೆ ಬಂದ 'ಫಾಸ್ಟ್ ರೇಸಿಂಗ್ ನಿಯೊ'ದಲ್ಲಿ ಇಂದಿನ ಬಣ್ಣ ಪಡೆಯಿತು. ಆರ್‌ಎಂಎಕ್ಸ್ ಆ ನಿಯೊದ ವಿಸ್ತೃತ ರೂಪ.

ದೃಶ್ಯವೈಭವದ ವಿಷಯದಲ್ಲಿ ವಿಮರ್ಶಕರದು ಬಹುತೇಕ ಒಮ್ಮತ. ಸೆಕೆಂಡಿಗೆ 60 ಚಿತ್ರಗಳ ಓಟ, ಗಾಜಿನ ಮೇಲೆ ಹರಿಯುವಂಥ ಬೆಳಕು, ಟಿ.ವಿ.ಗೆ ಜೋಡಿಸಿದಾಗಲೂ ಕುಗ್ಗದ ಹೊಳಪು ಮೆಚ್ಚುಗೆ ಗಳಿಸಿದವು. ತಾಂತ್ರಿಕ ವಿಶ್ಲೇಷಣೆಗೆ ಹೆಸರಾದ 'ಡಿಜಿಟಲ್ ಫೌಂಡ್ರಿ' ನಿಯೊ ಬಂದಾಗಲೇ ಶಿನೆನ್‌ನ ಕೈಚಳಕವನ್ನು ಬಿಡಿಸಿ ತೋರಿಸಿತ್ತು: ಪ್ರತಿ ಚಿತ್ರದಲ್ಲಿ ಅರ್ಧದಷ್ಟು ವಿವರವನ್ನು ಮಾತ್ರ ಬಿಡಿಸಿ, ಉಳಿದುದನ್ನು ಹಿಂದಿನ ಚಿತ್ರದಿಂದ ಪೂರೈಸಿಕೊಳ್ಳುವ ಉಪಾಯವದು. ವಿಮರ್ಶೆಗಳ ಸರಾಸರಿ ಅಂಕ ಎರಡೂ ಆಟಗಳಿಗೆ ನೂರರಲ್ಲಿ 80ರ ಆಸುಪಾಸಿನಲ್ಲಿತ್ತು. ಸಣ್ಣ ತಂಡವೊಂದಕ್ಕೆ ಇದು ಕಡಿಮೆ ಗೌರವವಲ್ಲ.

ಭಿನ್ನಾಭಿಪ್ರಾಯ ಹುಟ್ಟಿದ್ದು ಆಟದ ಕಾಠಿಣ್ಯದ ಬಗ್ಗೆ. ಮೇಲಿನ ಹಂತಗಳಲ್ಲಿ ಯಂತ್ರಚಾಲಿತ ಎದುರಾಳಿಗಳು ಕನಿಕರವಿಲ್ಲದೆ ಓಡುತ್ತಾರೆ. ಕೊನೆಯ ಸುತ್ತಿನಲ್ಲಿ ಒಮ್ಮೆ ಗೋಡೆಗೆ ಬಡಿದರೆ ಮುಂಚೂಣಿಯಲ್ಲಿದ್ದವನು ಹಿಂದಿನ ಸಾಲಿಗೆ ಬೀಳುತ್ತಾನೆ. ಕೆಲವರು ಇದನ್ನು ಹಳೆಯ ಆರ್ಕೇಡ್ ಆಟಗಳ ಸೊಗಸೆಂದರು. ಮತ್ತೆ ಕೆಲವರು ಹೊಸಬರನ್ನು ಬಾಗಿಲಲ್ಲೇ ತಡೆಯುವ ದೋಷವೆಂದರು. ಸಮಯದ ವಿರುದ್ಧ ಒಂಟಿಯಾಗಿ ಓಡುವ ವಿಭಾಗ ಆರ್‌ಎಂಎಕ್ಸ್‌ನಲ್ಲಿ ಮೊದಲಿಗೆ ಇಲ್ಲದ್ದು, ಅಂತರ್ಜಾಲದಲ್ಲಿ ಗೆಳೆಯರನ್ನೇ ಆರಿಸಿಕೊಂಡು ಆಡಲು ಆಗದ್ದು ಇನ್ನೆರಡು ಆಕ್ಷೇಪಗಳು. ಇವು ನ್ಯಾಯವಾದವೇ ಆಗಿದ್ದವು. ಅದೇ ವರ್ಷ ಬಂದ ಪರಿಷ್ಕರಣೆ ಎರಡನ್ನೂ ಸರಿಪಡಿಸಿತು.

ಆದರೆ ಬಹುತೇಕ ವಿಮರ್ಶೆಗಳಲ್ಲಿ ತಪ್ಪದೆ ಕಾಣಿಸಿಕೊಂಡ ಮಾತು ಬೇರೆಯೇ: 'ಎಫ್-ಜೀರೊ'. 1990ರಲ್ಲಿ ನಿಂಟೆಂಡೊ ಆರಂಭಿಸಿದ ಆ ಸರಣಿ 2004ರ ಬಳಿಕ ನಿಂತುಹೋಗಿತ್ತು. ಬ್ರಿಟನ್ನಿನಲ್ಲಿ 'ವೈಪ್‌ಔಟ್' ಸೃಷ್ಟಿಸಿದ ಲಿವರ್‌ಪೂಲ್‌ನ ಸ್ಟುಡಿಯೊವನ್ನು ಸೋನಿ 2012ರಲ್ಲಿ ಮುಚ್ಚಿತ್ತು. ಹೀಗಾಗಿ ಫಾಸ್ಟ್ ಸರಣಿ ಖಾಲಿ ಬಿದ್ದಿದ್ದ ಗದ್ದುಗೆಯ ಮೇಲೆ ತಾನಾಗಿ ಕುಳಿತಂತಾಯಿತು. ಶಿನೆನ್ ಕೂಡ ಈ ನೆಂಟಸ್ತಿಕೆಯನ್ನು ಮುಚ್ಚಿಡಲಿಲ್ಲ. ಆಟದಲ್ಲಿ ಮುಂದೆ ಸಾಗಿದವರಿಗೆ ತೆರೆದುಕೊಳ್ಳುವ 'ಹೀರೊ' ವಿಭಾಗದಲ್ಲಿ ವೇಗಕ್ಕೂ ರಕ್ಷಾಕವಚಕ್ಕೂ ಒಂದೇ ಶಕ್ತಿಕೋಶ. ವೇಗದ ಆಸೆಗೆ ಬಿದ್ದರೆ ಕವಚ ಕರಗುತ್ತದೆ. ಇದು ಎಫ್-ಜೀರೊ ಬಲ್ಲವರಿಗೆ ಚಿರಪರಿಚಿತ ನಿಯಮ.

ಈ ಹೋಲಿಕೆಯಿಂದ ಆಟಕ್ಕೆ ಗಿರಾಕಿಗಳು ದೊರೆತರೆಂಬುದರಲ್ಲಿ ಸಂಶಯವಿಲ್ಲ. ನಷ್ಟವೂ ಆಯಿತು. ಎಫ್-ಜೀರೊದ 30 ವಾಹನಗಳ ಗದ್ದಲ, ಬಣ್ಣಬಣ್ಣದ ಪಾತ್ರಗಳು ಇಲ್ಲಿಲ್ಲ ಎಂದು ಲೆಕ್ಕ ಹಾಕಿದ ವಿಮರ್ಶೆಗಳು, ಎರಡು ಬಣ್ಣಗಳ ಸ್ವಂತ ಕಲ್ಪನೆಯನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಹೋದದ್ದುಂಟು. ಫಾಸ್ಟ್ ಅನ್ನು ಉಳಿದ ತೇಲುವ ರೇಸ್‌ಗಳಿಂದ ಬೇರ್ಪಡಿಸುವುದು ಆ ಕಲ್ಪನೆಯೇ ಹೊರತು ಹೊಳಪಲ್ಲ.

2025ರ ಜೂನ್ 5ರಂದು 'ಸ್ವಿಚ್ 2' ಬಂದಾಗ ಶಿನೆನ್ ಮತ್ತೆ ಮೊದಲ ದಿನವೇ ಹಾಜರಾಯಿತು. ಅಮೆರಿಕದಲ್ಲಿ ಅಂದು 'ಮಾರಿಯೊ ಕಾರ್ಟ್ ವರ್ಲ್ಡ್' ಬೆಲೆ 80 ಡಾಲರ್. ಶಿನೆನ್‌ನ 'ಫಾಸ್ಟ್ ಫ್ಯೂಷನ್' ಬೆಲೆ 15 ಡಾಲರ್. ಈ ಬಾರಿ ವಾಹನಗಳಿಗೆ ಜಿಗಿಯುವ ಶಕ್ತಿಯೂ, ಎರಡು ವಾಹನಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ಅವಕಾಶವೂ ಸೇರಿದ್ದವು. ವಿಚಿತ್ರವೆಂದರೆ, ಆಕ್ಷೇಪ ಬಂದದ್ದು ಚಿತ್ರಗಳ ಮಸುಕಿನ ಬಗ್ಗೆ; ಸಂಸ್ಥೆ ಬಳಿಕ ಇನ್ನಷ್ಟು ಸ್ಪಷ್ಟ ಚಿತ್ರದ ಆಯ್ಕೆಯನ್ನು ಒದಗಿಸಿತು. ಅದೇ ದಿನ ನಿಂಟೆಂಡೊ ತನ್ನ ಚಂದಾದಾರರಿಗೆ 2003ರ 'ಎಫ್-ಜೀರೊ ಜಿಎಕ್ಸ್' ಆಟವನ್ನೂ ಹೊಸ ಯಂತ್ರದಲ್ಲಿ ತೆರೆದಿಟ್ಟಿತು.