ಸರೋವರದ ಹಗಲು ಮತ್ತು ಇರುಳು

ಬೆಳಕು ಹರಿದಾಗ ಏಳುವುದು, ಕತ್ತಲಾದಾಗ ವಿರಮಿಸುವುದು ನಮಗೆ ಸಹಜವೆಂದು ತೋರುತ್ತದೆ. ಆದರೆ ಸರೋವರಗಳ ನೀರಿನಲ್ಲಿ ತೇಲಾಡುವ ಸೂಕ್ಷ್ಮಪ್ರಾಣಿಗಳಲ್ಲಿ ಅನೇಕವು ಇದಕ್ಕೆ ವಿರುದ್ಧವಾದ ದಿನಚರಿಯನ್ನು ಅನುಸರಿಸುತ್ತವೆ. ಇವುಗಳಿಗೆ ಪ್ರಾಣಿಪ್ಲವಕಗಳೆಂದು ಹೆಸರು. ಸಂಜೆಗೆ ಇವು ಆಳದಿಂದ ಮೇಲಕ್ಕೇರಿ, ಬೆಳಗಾಗುತ್ತಲೇ ಮರಳಿ ಕೆಳಗಿಳಿಯುತ್ತವೆ.

ಇದರಿಂದ ಅವಕ್ಕೆ ದೊರೆಯುವ ಲಾಭವೇನು? ಆಹಾರವಾದ ಪಾಚಿಯ ಕಣಗಳು ಸಾಮಾನ್ಯವಾಗಿ ಬೆಳಕುಳ್ಳ ಮೇಲ್ನೀರಿನಲ್ಲಿಯೇ ಹೆಚ್ಚು. ಬೇಸಗೆಯಲ್ಲಿ ಅಲ್ಲಿಯ ನೀರು ಬೆಚ್ಚಗಿರುವುದರಿಂದ ಮೊಟ್ಟೆಗಳೂ ಬೇಗ ಬಲಿಯುತ್ತವೆ. ಆಳದಲ್ಲಿರುವುದು ಚಳಿ ಮತ್ತು ಹಸಿವು. ಅಲ್ಲಿ ಕಳೆದ ಪ್ರತಿಯೊಂದು ಹಗಲೂ ಸಂತಾನವೃದ್ಧಿಗೆ ನಷ್ಟವೇ ಸರಿ. ಹಾಗಿದ್ದೂ ಅವು ಇಳಿಯುವುದಕ್ಕೆ ಕಾರಣ ಮೀನು. ಮೀನು ಕಣ್ಣಿನಿಂದ ಬೇಟೆಯಾಡುತ್ತದೆ. ಕತ್ತಲೆಯೇ ಬಡಜೀವಿಗೆ ಕೋಟೆ.

ಈ ಊಹೆಯನ್ನು ಒರೆಗೆ ಹಚ್ಚಬೇಕಷ್ಟೆ. ಪೋಲೆಂಡಿನ ತಾತ್ರಾ ಪರ್ವತಗಳ ಸರೋವರಗಳಲ್ಲಿ ಸೈಕ್ಲೋಪ್ಸ್ ಎಂಬ ಒಕ್ಕಣ್ಣಿನ ಪ್ಲವಕವುಂಟು. ಕೆಲವು ಸರೋವರಗಳಲ್ಲಿ ಮೀನು ಬಹುಕಾಲದಿಂದ ಇದೆ. ಕೆಲವಕ್ಕೆ ಮನುಷ್ಯರು ಈಚೆಗೆ ತಂದು ಬಿಟ್ಟರು. ಇನ್ನು ಕೆಲವಲ್ಲಿ ಮೀನೇ ಇಲ್ಲ. ಬಿಸಿಲು ಎಲ್ಲಕ್ಕೂ ಒಂದೇ. ವಿಜ್ಞಾನಿ ಗ್ಲಿವಿಚ್ 1986ರಲ್ಲಿ ಪ್ರಕಟಿಸಿದಂತೆ, ಮೀನಿಲ್ಲದೆಡೆ ಸೈಕ್ಲೋಪ್ಸ್ ಈ ಪಯಣವನ್ನೇ ಕೈಗೊಳ್ಳುವುದಿಲ್ಲ. ಮೀನಿನ ವಾಸ ಹಳೆಯದಾದಷ್ಟೂ ಪಯಣ ದೀರ್ಘ. ಬೆಳಕು ಹೊತ್ತನ್ನು ತಿಳಿಸುವ ಗಂಟೆ ಮಾತ್ರ, ಓಡಿಸುವುದು ಭಯ.

ಡಾಫ್ನಿಯ ಎಂಬ ಇನ್ನೊಂದು ಪ್ಲವಕವು ಶತ್ರುವನ್ನು ಕಾಣದೆಯೂ ಅರಿಯಬಲ್ಲದು. ಮೀನು ವಾಸಿಸಿದ್ದ ನೀರಷ್ಟೇ ಸಾಕು, ಅದು ಆಳಕ್ಕಿಳಿಯುತ್ತದೆ. ಕಾರ್ಪ್ ಜಾತಿಯ ಮೀನುಗಳ ವಿಷಯದಲ್ಲಿ ಈ ಸುಳಿವು ಅವುಗಳ ಪಿತ್ತದಲ್ಲಿನ ಒಂದು ಲವಣವೆಂದು ಜರ್ಮನಿಯ ಸಂಶೋಧಕರು 2019ರಲ್ಲಿ ಗುರುತಿಸಿದರು. ಜೀರ್ಣಕ್ಕೆ ಅವಶ್ಯವಾದ ಆ ದ್ರವ್ಯವನ್ನು ಮೀನು ತೊರೆಯುವಂತಿಲ್ಲ. ಅದರಿಂದಲೇ ಅದರ ಗುಟ್ಟು ಬಯಲಾಗುತ್ತದೆ.

ಶತ್ರು ಬದಲಾದರೆ ದಿನಚರಿಯೂ ಬದಲಾಗುತ್ತದೆ. ಕೆನಡದ ಗ್ವೆಂಡೊಲಿನ್ ಸರೋವರದಲ್ಲಿ, ಸೊಳ್ಳೆಯನ್ನು ಹೋಲುವ ಕೀಟವೊಂದರ ಮರಿಹುಳು ಇರುಳಿನಲ್ಲಿ ಮೇಲೇರಿ ಬೇಟೆಯಾಡುತ್ತದೆ. ಅಲ್ಲಿಯ ಒಂದು ಪ್ಲವಕವು ಹಗಲು ಮೇಲಿದ್ದು ಇರುಳು ಕೆಳಗಿಳಿಯುವುದನ್ನು ನೀಲ್ ಎಂಬ ವಿಜ್ಞಾನಿ 1990ರಲ್ಲಿ ವರದಿಮಾಡಿದರು.

ನಿಶ್ಚಲವೆಂದು ನಾವು ನೋಡುವ ಸರೋವರದಲ್ಲಿ ಪ್ರತಿ ಸಂಜೆ ಅಸಂಖ್ಯ ಜೀವಿಗಳು ಹಸಿವನ್ನೂ ಪ್ರಾಣವನ್ನೂ ತಕ್ಕಡಿಯಲ್ಲಿ ತೂಗಿ ಹೊರಡುತ್ತವೆ. ಮೀನು ತಿಂದವುಗಳನ್ನು ಎಣಿಸಿದರೆ ಸಾಲದು. ತಿನ್ನದೆ ಉಳಿದವುಗಳ ಬಾಳನ್ನೂ ಆಳುತ್ತಿರುವುದು ಮೀನೇ.