ಬಿಡುಗಡೆಯ ವಿಚಾರಣೆಗೆ ಎಷ್ಟನೆಯ ವರ್ಷ?

‘ಪೆರೋಲ್’ ಎಂಬುದು ಫ್ರೆಂಚ್ ಮಾತು. ನಾವು ‘ಭಾಷೆ ಕೊಡುವುದು’ ಎನ್ನುತ್ತೇವಷ್ಟೆ, ಅದೇ ಅದರ ಭಾವ. ನಮ್ಮ ದೇಶದಲ್ಲಿ ಈ ಹೆಸರಿನಿಂದ ನಡೆಯುವುದು ಬಂದಿಗೆ ದೊರೆಯುವ ಕೆಲವು ದಿನಗಳ ಬಿಡುವು. ಮನೆಯಲ್ಲಿ ಮರಣವೋ ಮದುವೆಯೋ ಒದಗಿದಾಗ ಹೋಗಿಬಂದು, ಗೊತ್ತಾದ ದಿನ ಸೆರೆಮನೆಗೆ ಹಿಂದಿರುಗತಕ್ಕದ್ದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅರ್ಥವೇ ಬೇರೆ. ಅಲ್ಲಿ ಬಂದಿಯು ನಿಬಂಧನೆಗಳಿಗೆ ಒಳಪಟ್ಟು, ಅಧಿಕಾರಿಯ ಮೇಲ್ವಿಚಾರಣೆಯಲ್ಲಿ, ಸೆರೆಮನೆಯ ಹೊರಗೆ ಬಾಳುವುದಕ್ಕೆ ಪೆರೋಲ್ ಎಂದು ಹೆಸರು. ಆ ಅನುಗ್ರಹವನ್ನು ಕೇಳಲು ಎಷ್ಟನೆಯ ವರ್ಷದಲ್ಲಿ ಅರ್ಹತೆ ಬರುವುದೆಂಬುದನ್ನು ಆಯಾ ಸಂಸ್ಥಾನದ ಶಾಸನವೇ ಗೊತ್ತುಮಾಡುತ್ತದೆ. ಕ್ಯಾಲಿಫೋರ್ನಿಯಾ ಸಂಸ್ಥಾನದ ಉದಾಹರಣೆಯನ್ನು ಹಿಡಿದು ಈ ವಿಷಯವನ್ನು ವಿಚಾರಮಾಡೋಣ.

ಅಲ್ಲಿ 1917ರಿಂದ ಬಹುಕಾಲ ನಡೆದುಬಂದ ಪದ್ಧತಿಯಲ್ಲಿ ಶಿಕ್ಷೆಯ ಅವಧಿಯನ್ನು ನ್ಯಾಯಾಧಿಪತಿಯು ಖಚಿತಗೊಳಿಸುತ್ತಿರಲಿಲ್ಲ. ಬಂದಿಯ ನಡತೆಯನ್ನು ನೋಡಿ ಮಂಡಳಿಯೊಂದು ನಿರ್ಧರಿಸುತ್ತಿತ್ತು. 1976ರ ಶಾಸನವು ಬಹುತೇಕ ಅಪರಾಧಗಳಿಗೆ ಇಷ್ಟೇ ವರ್ಷವೆಂದು ಗೊತ್ತುಮಾಡಿತು. ಅಲ್ಲಿಂದ ಮುಂದೆ ಮಂಡಳಿಯ ಮುಂದೆ ನಿಲ್ಲಬೇಕಾದವರು ಮುಖ್ಯವಾಗಿ ಜೀವಾವಧಿ ಬಂದಿಗಳು. ಇವರಿಗೆ ವಿಧಿಸುವ ಕನಿಷ್ಠಾವಧಿಯಾದರೋ ಬೆಳೆಯುತ್ತಲೇ ಹೋಯಿತು. 1978ರಲ್ಲಿ ಜನರ ಮತದಿಂದ ಮೊದಲನೆಯ ದರ್ಜೆಯ ಕೊಲೆಗೆ ‘25 ವರ್ಷದಿಂದ ಜೀವಾವಧಿ’ ಎಂದಾಯಿತು. ಬಂದೂಕಿನಿಂದ ಗುಂಡುಹೊಡೆದು ಕೊಂದಿದ್ದರೆ ಮತ್ತೊಂದು 25 ವರ್ಷವನ್ನು 1997ರ ಶಾಸನ ಕೂಡಿಸಿತು. ಒಟ್ಟು 50.

ಈ ಲೆಕ್ಕವನ್ನು 17 ವರ್ಷದ ಹುಡುಗನೊಬ್ಬನಿಗೆ ಅನ್ವಯಿಸಿ ನೋಡೋಣ. ಅವನು ಮಂಡಳಿಯ ಮುಂದೆ ಮೊದಲ ಸಲ ಬಾಯಿ ತೆರೆಯುವ ಹೊತ್ತಿಗೆ ಅವನಿಗೆ 67ರ ಸುಮಾರು. ಅಷ್ಟರಲ್ಲಿ ಹೊರಗೆ ಅವನನ್ನು ಬರಮಾಡಿಕೊಳ್ಳಲು ತಂದೆತಾಯಿಗಳು ಉಳಿದಿರುವರೆಂದು ಹೇಳುವವರು ಯಾರು?

2012ರಲ್ಲಿ ಇಂತಹುದೇ ಒಂದು ಪ್ರಸಂಗ ಆ ಸಂಸ್ಥಾನದ ಉಚ್ಚತಮ ನ್ಯಾಯಸ್ಥಾನದ ಮುಂದೆ ಬಂದಿತು. ಹುಡುಗನಿಗೆ ಅಪರಾಧಕಾಲದಲ್ಲಿ 16 ವರ್ಷ. ಮೂರು ಕೊಲೆಯ ಪ್ರಯತ್ನಗಳು. ಸತ್ತವರು ಯಾರೂ ಇಲ್ಲ. ಶಿಕ್ಷೆಯ ಕನಿಷ್ಠಾವಧಿ 110 ವರ್ಷ! ಮನುಷ್ಯನ ಆಯುಸ್ಸನ್ನು ಮೀರಿದ ಇಂತಹ ಶಿಕ್ಷೆಯು ಕ್ರೂರಶಿಕ್ಷೆಯನ್ನು ನಿಷೇಧಿಸುವ ರಾಜ್ಯಾಂಗವಿಧಿಗೆ ವಿರುದ್ಧವೆಂದು ನ್ಯಾಯಸ್ಥಾನವು ತೀರ್ಮಾನಿಸಿತು. ತಕ್ಕ ಏರ್ಪಾಡನ್ನು ಮಾಡಬೇಕೆಂದು ಶಾಸನಸಭೆಯನ್ನು ಒತ್ತಾಯಿಸಿತು.

ಮರುವರ್ಷವೇ ಶಾಸನ ಬಂದಿತು. 18 ವರ್ಷ ತುಂಬುವ ಮುನ್ನ ಅಪರಾಧವೆಸಗಿದವರಿಗೆ, ಮುಖ್ಯ ಅಪರಾಧದ ಶಿಕ್ಷೆಯನ್ನು ಅನುಸರಿಸಿ, ಸೆರೆವಾಸದ 15ನೆಯ, 20ನೆಯ ಇಲ್ಲವೆ 25ನೆಯ ವರ್ಷದಲ್ಲಿ ವಿಚಾರಣೆ ನಡೆಯತಕ್ಕದ್ದು. ಮೇಲೆ ಹೇಳಿದ ಹುಡುಗನಿಗೆ 67ರ ಬದಲು 42. ನ್ಯಾಯಾಧಿಪತಿಯು ವಿಧಿಸಿದ ಶಿಕ್ಷೆಯನ್ನು ಈ ಶಾಸನ ಅಳಿಸುವುದಿಲ್ಲ. ಬಾಗಿಲು ತಟ್ಟುವ ವರ್ಷವನ್ನು ಹಿಂದಕ್ಕೆ ತರುತ್ತದೆ. ತೆರೆಯುವುದೂ ಬಿಡುವುದೂ ಮಂಡಳಿಗೆ ಸೇರಿದ್ದು. ಆದರೆ ಯೌವನದ ಅವಿವೇಕಕ್ಕೂ, ಆಮೇಲೆ ಬಂದ ಪಕ್ವತೆಗೂ ಮಂಡಳಿಯು ಹೆಚ್ಚಿನ ತೂಕ ಕೊಡಲೇಬೇಕೆಂದು ಶಾಸನದ ಕಟ್ಟಳೆ. ವಯೋಮಿತಿಯು ಮುಂದೆ ಎರಡು ಸಲ ಏರಿತು. 2018ರಿಂದ ಅದು 26 ತುಂಬದವರಿಗೆಲ್ಲ ಅನ್ವಯಿಸುತ್ತದೆ. ಆದರೂ, ಪದೇ ಪದೇ ಘೋರಾಪರಾಧ ಮಾಡಿ ಹೆಚ್ಚಿನ ಶಿಕ್ಷೆಗೆ ಗುರಿಯಾದವರೇ ಮೊದಲಾದ ಕೆಲವರನ್ನು ಹೊರಗಿಟ್ಟಿದೆ.

ಕೊಲೆಯಾದವನ ಮನೆಯವರ ಮಾತನ್ನೂ ನಾವು ಕೇಳಬೇಕು. ‘50 ವರ್ಷ’ ಎಂದು ನ್ಯಾಯಸ್ಥಾನದಲ್ಲಿ ಕಿವಿಯಾರೆ ಕೇಳಿ ಮನೆಗೆ ಹೋದವರಿಗೆ 25ನೆಯ ವರ್ಷದಲ್ಲಿ ವಿಚಾರಣೆಯ ತಿಳಿವಳಿಕೆಪತ್ರ ಬಂದರೆ, ಮಾತಿಗೆ ತಪ್ಪಿದವರು ಯಾರೆಂದು ಅವರು ಕೇಳದಿರುವರೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವುದು ನಮಗೆ ಸರಿಯೆಂದು ತೋರುವುದಿಲ್ಲ. 2008ರಲ್ಲಿ ಜನರು ಮತಕೊಟ್ಟು ಮಾಡಿದ ತಿದ್ದುಪಡಿಯು ನೊಂದವರ ಹಕ್ಕನ್ನು ವಿಸ್ತರಿಸಿತು. ವಿಚಾರಣೆಗೆ ಬಂದು ಅವರು ತಮ್ಮ ದುಃಖವನ್ನು ಹೇಳಿಕೊಳ್ಳಬಹುದು. ಪೆರೋಲ್ ನಿರಾಕೃತವಾದರೆ ಮುಂದಿನ ವಿಚಾರಣೆಯನ್ನು ಸಾಮಾನ್ಯವಾಗಿ 3ರಿಂದ 15 ವರ್ಷಗಳವರೆಗೆ ಮುಂದೂಡಲೂ ಅವಕಾಶವಿದೆ. ಇದಲ್ಲದೆ ಕೊಲೆಯ ಪ್ರಕರಣಗಳಲ್ಲಿ ಮಂಡಳಿಯ ತೀರ್ಪನ್ನು ರದ್ದುಮಾಡುವ ಅಧಿಕಾರವನ್ನು 1988ರಿಂದಲೂ ಗವರ್ನರಿಗೆ ಕೊಡಲಾಗಿದೆ.

ಒಂದು ಗಂಟು ಮಾತ್ರ ಬಿಡಿಸದೆ ಉಳಿದಿದೆ. ಪೆರೋಲಿಲ್ಲದ ಜೀವಾವಧಿಯೆಂಬ ಶಿಕ್ಷೆಗೆ ಗುರಿಯಾದ 17 ವರ್ಷದವನಿಗೂ 2017ರ ಶಾಸನದಿಂದ 25ನೆಯ ವರ್ಷದಲ್ಲಿ ವಿಚಾರಣೆ ದೊರೆಯುತ್ತದೆ. ಅದೇ ಶಿಕ್ಷೆಯನ್ನು ಹೊತ್ತವನು ಅಪರಾಧದ ದಿನ 18 ತುಂಬಿದವನಾಗಿದ್ದರೆ ಅವನಿಗೆ ಈ ಶಾಸನದಿಂದ ವಿಚಾರಣೆಯೇ ಇಲ್ಲ. ಒಂದು ಹುಟ್ಟುಹಬ್ಬದ ಅಂತರ! ಈ ಭೇದವು ಸಮಾನರಕ್ಷಣೆಯ ತತ್ತ್ವಕ್ಕೆ ವಿರುದ್ಧವೆಂಬ ವಾದವನ್ನು 2024ರಲ್ಲಿ ಅದೇ ಉಚ್ಚತಮ ನ್ಯಾಯಸ್ಥಾನವು ಒಪ್ಪಲಿಲ್ಲ. ಆ ಗೆರೆಯನ್ನು ಎಳೆದದ್ದು ಶಾಸನಸಭೆ; ಸರಿಸುವ ಅಧಿಕಾರವೂ ಅದರ ಕೈಯಲ್ಲಿದೆ.