ಪದವಿ ವಿಶ್ವವಿದ್ಯಾಲಯದ್ದು, ಕಲಿಕೆ ಕಾಲೇಜಿನದು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರ ಶ್ರೀಮಠಕ್ಕೆ ಹೂ-ಹಣ್ಣುಗಳ ಜೊತೆಗೆ ಅಂಕಪಟ್ಟಿಗಳೂ ಬರುತ್ತವೆ. ಗದ್ದುಗೆಗೆ ನಮಸ್ಕರಿಸಿದ ಬಳಿಕ ತಂದೆತಾಯಿಗಳು ಪೂಜ್ಯರ ಮುಂದೆ ಇಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅಪ್ಪಾರೆ, ಹುಡುಗನ್ನ ಯಾವ ಕಾಲೇಜಿಗೆ ಹಚ್ಚಬೇಕು?" ಇದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಇಲ್ಲೇ ಶಹಾಪುರದಾಗ ಓದಿದ್ರ ಡಿಗ್ರಿಗೆ ಕಿಮ್ಮತ್ತು ಇರ್ತದೇನ್ರಿ?" ಈ ಎರಡು ಪ್ರಶ್ನೆಗಳ ನಡುವೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಅದರಿಂದಾಗಿ ಸಾಲ ಮಾಡಿಕೊಂಡ ಕುಟುಂಬಗಳನ್ನೂ, ಓದು ನಿಲ್ಲಿಸಿದ ಹೆಣ್ಣುಮಕ್ಕಳನ್ನೂ ನಾವು ಕಂಡಿರುವುದರಿಂದ ಸದ್ಭಕ್ತರಿಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ವಿಶ್ವವಿದ್ಯಾಲಯಕ್ಕೂ ಕಾಲೇಜಿಗೂ ಇರುವ ಸಂಬಂಧವನ್ನು ಅರಿಯಬೇಕು. ನಮ್ಮ ದೇಶದ ಬಹುಪಾಲು ವಿಶ್ವವಿದ್ಯಾಲಯಗಳು ತಾವೊಂದೇ ಕಟ್ಟಡದಲ್ಲಿ ಕುಳಿತು ಪಾಠ ಹೇಳುವಂಥವಲ್ಲ. ಅವುಗಳ ಅಡಿಯಲ್ಲಿ ನೂರಾರು ಸಂಯೋಜಿತ ಕಾಲೇಜುಗಳಿರುತ್ತವೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಲಂಡನ್ ವಿಶ್ವವಿದ್ಯಾಲಯದ ಅಂದಿನ ಮಾದರಿಯನ್ನು ಅನುಸರಿಸಲಾಯಿತು. ವಿಶ್ವವಿದ್ಯಾಲಯವು ಪಠ್ಯಕ್ರಮ ರೂಪಿಸುವುದು, ಪರೀಕ್ಷೆ ನಡೆಸುವುದು, ಪದವಿ ನೀಡುವುದು. ಕಾಲೇಜು ಪಾಠ ಹೇಳುವುದು. ಆ ಹಂಚಿಕೆ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ನಮ್ಮ ಸೀಮೆಯ ಕಥೆಯಂತೂ ವಿಚಿತ್ರವಾದುದು. ಶಹಾಪುರ ನಿಜಾಮರ ಆಳ್ವಿಕೆಯಲ್ಲಿದ್ದಾಗ ಉನ್ನತ ಶಿಕ್ಷಣವೆಂದರೆ 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಅಲ್ಲಿ ಬೋಧನೆ ಉರ್ದುವಿನಲ್ಲಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗ ಉರ್ದುವಿನಲ್ಲಿ ಗಣಿತ ಕಲಿಯಬೇಕಾಗಿತ್ತು. 1956ರ ನವೆಂಬರ್ 1ರಂದು ಈ ಭಾಗ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಬಳಿಕ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಕಾಲೇಜುಗಳಿಗಾಗಿ ರಾಯಚೂರು ಸಮೀಪದ ಯರಗೇರಾದಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೇ ಆಗಿದೆ. ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯವರ ಹೆಸರಿಡಲಾಗಿದೆ. ಹೀಗೆ ಪದವಿಪತ್ರದ ಮೇಲಿನ ಮೊಹರು ತಲೆಮಾರಿಗೊಮ್ಮೆ ಬದಲಾಗಿದೆ. ಅಜ್ಜನದು ಒಂದು, ಅಪ್ಪನದು ಇನ್ನೊಂದು, ಮಗಳದು ಮತ್ತೊಂದು. ಆ ಮೊಹರನ್ನೇ ನೋಡಿ ಕಾಲೇಜು ಆರಿಸುವವರು ಈ ಇತಿಹಾಸವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇದರ ಅರ್ಥವಿಷ್ಟೆ: ಶಹಾಪುರದ ಕಾಲೇಜಿನಲ್ಲಿ ಬಿ.ಎ. ಓದುವ ವಿದ್ಯಾರ್ಥಿನಿಗೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ರಾಯಚೂರು ನಗರದ ಕಾಲೇಜಿನಲ್ಲಿ ಓದುವವಳಿಗೂ ಪಠ್ಯ ಒಂದೇ, ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಒಂದೇ, ಕೊನೆಗೆ ಕೈಗೆ ಬರುವ ಪದವಿಯೂ ಒಂದೇ. ಹಾಗಾದರೆ ಯಾವ ಕಾಲೇಜಾದರೂ ಸರಿಯೇ? ಖಂಡಿತ ಅಲ್ಲ. ಪದವಿ ಒಂದೇ ಆದರೂ ಮಗು ಮೂರು ವರ್ಷ ಬದುಕುವುದು ಕಾಲೇಜಿನಲ್ಲಿ. ಪಾಠ ಹೇಳುವ ಗುರು, ಗ್ರಂಥಾಲಯದ ಬೀಗ ತೆಗೆಯುವ ವೇಳೆ, ಪ್ರಯೋಗಾಲಯದ ನೀರಿನ ನಲ್ಲಿ, ಹೆಣ್ಣುಮಕ್ಕಳ ಶೌಚಾಲಯ, ಜೊತೆಗೆ ಕುಳಿತು ಓದುವ ಗೆಳೆಯರು ಇವೆಲ್ಲವೂ ಕಾಲೇಜಿಗೆ ಸೇರಿದವು. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿಯೂ ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. ಸೇರಿಸಿಕೊಳ್ಳುವುದು, ಊಟ-ವಸತಿ ನೀಡುವುದು, ಇಬ್ಬರು ಮೂವರನ್ನು ಕೂರಿಸಿಕೊಂಡು ಪಾಠ ತಿದ್ದುವುದು ಕಾಲೇಜಿನದು. ಅಲ್ಲಿ ಅರ್ಜಿ ಹಾಕುವವರು ತಮಗೆ ಬೇಕಾದ ಕಾಲೇಜನ್ನು ಹೆಸರಿಸಬಹುದು, ಯಾವುದನ್ನೂ ಹೆಸರಿಸದೆಯೂ ಇರಬಹುದು. ನಮ್ಮಲ್ಲಿ ಹಾಗೆ ಬಿಟ್ಟುಬಿಡುವಂತಿಲ್ಲ. ಪದವಿ ಪ್ರವೇಶಕ್ಕೆ ಯುಯುಸಿಎಂಎಸ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವಾಗ ವಿಶ್ವವಿದ್ಯಾಲಯವನ್ನೂ ಕಾಲೇಜನ್ನೂ ವಿಷಯಗಳನ್ನೂ ನಾವೇ ಆರಿಸಬೇಕು. ಸೈಬರ್ ಅಂಗಡಿಯವನಿಗೆ "ಯಾವುದಾದ್ರೂ ಹಾಕಪ್ಪ" ಎಂದು ಹೇಳಿ ಬಂದವರುಂಟು. ಮಗಳ ಮೂರು ವರ್ಷಗಳನ್ನು ಅಷ್ಟು ಅಗ್ಗವಾಗಿ ಕೊಡಬಾರದು.

ಆರಿಸುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿರಿ. ಸಮಾರಂಭದ ದಿನವಲ್ಲ, ತರಗತಿಗಳು ನಡೆಯುವ ಕಾಲದ ಒಂದು ಸಾಮಾನ್ಯ ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ತರಗತಿಯಲ್ಲಿ ಪಾಠ ನಡೆಯುತ್ತಿದೆಯೇ, ಮಕ್ಕಳು ಕಟ್ಟೆಯ ಮೇಲೆ ಕುಳಿತಿದ್ದಾರೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮಗ ಓದಬೇಕೆಂದಿರುವ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ ಎಂದು ಕೇಳಿರಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆದಿವೆ. ಅವರಲ್ಲಿ ಅತ್ಯಂತ ಶ್ರದ್ಧೆಯಿಂದ ಪಾಠ ಹೇಳುವವರು ಬಹಳ ಮಂದಿ ಇದ್ದಾರೆ, ಈ ಮಾತನ್ನು ಗೌರವದಿಂದಲೇ ಹೇಳುತ್ತೇವೆ. ಆದರೆ ಅವರ ನೇಮಕ ತಡವಾದ ವರ್ಷ ಪಾಠವೂ ತಡವಾಗುತ್ತದೆ, ಪರೀಕ್ಷೆ ಮಾತ್ರ ಕಾಯುವುದಿಲ್ಲ. ಆದ್ದರಿಂದ ಈ ಪ್ರಶ್ನೆ ಅಗತ್ಯ. ಕಳೆದ ವರ್ಷ ಓದಿ ಹೊರಬಂದ ನಿಮ್ಮೂರ ಹುಡುಗರನ್ನು ಕೇಳಿದರೆ ಪ್ರಾಚಾರ್ಯರು ಹೇಳದ ಸಂಗತಿಗಳೂ ತಿಳಿಯುತ್ತವೆ. ಖಾಸಗಿ ಕಾಲೇಜಾದರೆ, ಸೇರಬೇಕೆಂದಿರುವ ಕೋರ್ಸಿಗೆ ಈ ವರ್ಷದ ವಿಶ್ವವಿದ್ಯಾಲಯ ಸಂಯೋಜನೆ ಇದೆಯೇ ಎಂದು ಬರಹದಲ್ಲಿಯೇ ನೋಡಿರಿ. ಕಾಲೇಜಿಗೆ ಮಾನ್ಯತೆ ಇದ್ದು ಆ ಕೋರ್ಸಿಗೆ ಇಲ್ಲದಿರುವ ಸಂದರ್ಭಗಳಲ್ಲಿ ಪೆಟ್ಟು ಬೀಳುವುದು ವಿದ್ಯಾರ್ಥಿಗೆ.

ಇನ್ನು ಬಸ್ಸಿನ ಮಾತು. ಇದನ್ನು ಕೊನೆಯ ವಿಚಾರವೆಂದು ಎಣಿಸುವವರೇ ಹೆಚ್ಚು. ನಮ್ಮ ಅನುಭವದಲ್ಲಿ ಇದೇ ಮೊದಲನೆಯದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ಮಹಿಳೆಯರಲ್ಲಿ ಅದು ಶೇ. 41ರಷ್ಟು ಮಾತ್ರ. ಅಂಥ ನೆಲದಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಗಳೆಂದರೆ ಅವಳ ತಾಯಿ, ಅಜ್ಜಿ ಯಾರೂ ದಾಟದ ಹೊಳೆಯನ್ನು ದಾಟಿ ಬಂದವಳು. ಗೋಗಿ, ಸಗರ, ದೋರನಹಳ್ಳಿ, ಹತ್ತಿಗೂಡೂರಿನಂಥ ದೊಡ್ಡ ಊರುಗಳಿಗೆ ಬಸ್ಸು ಸಿಗಬಹುದು. ಅಲ್ಲಿಂದ ಮತ್ತೆ ಒಳಗೆ, ಕಾಲುವೆಯ ದಾರಿಯಲ್ಲಿ ಹೋಗಬೇಕಾದ ಹಳ್ಳಿ-ತಾಂಡಾಗಳ ಪಾಡು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಚಿಂತೆ ತಪ್ಪಿದೆ. ಬಸ್ಸೇ ಇಲ್ಲದ ವೇಳೆಯ ಚಿಂತೆ ತಪ್ಪಿಲ್ಲ. ಕೆಲ ವರ್ಷಗಳ ಹಿಂದೆ ಒಬ್ಬ ಭಕ್ತರು ತಮ್ಮ ಮಗಳನ್ನು ದೂರದ ಪಟ್ಟಣದ, ಹೆಸರುಳ್ಳ ಕಾಲೇಜಿಗೆ ಸೇರಿಸಿದರು. ಪಾಠ ಮುಗಿಯುವುದು ನಾಲ್ಕೂವರೆಗೆ, ಊರ ಬಸ್ಸು ಹೊರಡುವುದು ನಾಲ್ಕಕ್ಕೆ. ಮೊದಲ ಸೆಮಿಸ್ಟರಿನಲ್ಲಿ ಆಕೆ ದಿನವೂ ಕೊನೆಯ ತರಗತಿ ಬಿಟ್ಟಳು. ಎರಡನೆಯದರಲ್ಲಿ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲಾಗಲಿಲ್ಲ. ಮೂರನೆಯದಕ್ಕೆ ಹೋಗಲೇ ಇಲ್ಲ. ಅಂಕಪಟ್ಟಿ ಹಿಡಿದು ಬಂದಿದ್ದ ದಿನ ನಾವೂ ಬಸ್ಸಿನ ವೇಳೆ ಕೇಳಿರಲಿಲ್ಲ. ಈಗ ಯಾರು ಬಂದರೂ ಮೊದಲು ಕೇಳುವುದು ಅದನ್ನೇ.

ವಸತಿಯ ವಿಚಾರವೂ ಇಲ್ಲಿಗೇ ಸೇರಿದ್ದು. ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗಳು ಕಾಲೇಜನ್ನು ಆರಿಸುತ್ತಿದ್ದುದು ಪ್ರಸಾದ ನಿಲಯವನ್ನು ನೋಡಿ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳವರು, ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಮಹಾಸ್ವಾಮಿಗಳವರು ನಡೆಸಿದ ದಾಸೋಹದ ಫಲವಾಗಿ ಎಷ್ಟೋ ಹಳ್ಳಿಯ ಮಕ್ಕಳು ಪಟ್ಟಣದ ಕಾಲೇಜಿನ ಮೆಟ್ಟಿಲು ಹತ್ತಿದರು. ಅನ್ನ ಎಲ್ಲಿದೆಯೋ ಓದು ಅಲ್ಲಿ ಎಂಬುದು ಅವರಿಗೆ ಲೆಕ್ಕಾಚಾರವಾಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ಇಂದು ದಾರಿಗಳು ಹೆಚ್ಚಿವೆ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಅರ್ಹ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಡಿ ಹತ್ತು ತಿಂಗಳ ನೆರವುಂಟು. ಕಲಬುರಗಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಬಾಡಿಗೆ ಕೋಣೆ ಹಿಡಿಯುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿರಿ: ಶುಲ್ಕ ಒಂದು ಪಾಲಾದರೆ ಊಟ, ಕೋಣೆ, ಓಡಾಟ ಅದಕ್ಕಿಂತ ದೊಡ್ಡ ಪಾಲಾಗುವುದೇ ಹೆಚ್ಚು.

ವೃತ್ತಿಶಿಕ್ಷಣಕ್ಕೆ ಹೋಗುವವರ ದಾರಿ ಬೇರೆ. ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ವೈದ್ಯಕೀಯವಾದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಎರಡಕ್ಕೂ ರಾಜ್ಯದಾದ್ಯಂತ ಕಾಲೇಜುಗಳಿವೆ. ಕಲಬುರಗಿಯ ಪಿಡಿಎ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯ, ಪರೀಕ್ಷೆಗಳನ್ನು ತಾವೇ ನಡೆಸಿದರೂ ಪದವಿ ವಿಶ್ವವಿದ್ಯಾಲಯದ್ದೇ. ಖಾಸಗಿ ವಿಶ್ವವಿದ್ಯಾಲಯವೆಂದರೆ ಅದಲ್ಲ; ಅಲ್ಲಿ ಪದವಿಯೂ ಅವರದೇ. ಈ ಮೂರನ್ನೂ ಒಂದೇ ಎಂದು ತಿಳಿದು ಸೇರಬೇಡಿರಿ.

ನಮ್ಮ ಪಕ್ಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಭೀಮರಾಯನಗುಡಿಯ ಕೃಷಿ ಕಾಲೇಜು ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಅದು 2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಘಟಕ ಕಾಲೇಜು. ರಾಯಚೂರು, ಕಲಬುರಗಿಗಳಲ್ಲಿಯೂ ಅದರ ಕೃಷಿ ಕಾಲೇಜುಗಳಿವೆ. ಮೂರರಲ್ಲಿಯೂ ಬಿ.ಎಸ್ಸಿ. ಕೃಷಿ ಪದವಿ ಅದೇ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಹೊಲಗಳ ನಡುವೆ, ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ರೈತರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಯಾವುದಿದ್ದೀತು? ಆದರೂ "ಇಲ್ಲೇ ಊರ ಬಾಜೂಕ ಅದ" ಎಂಬ ಕಾರಣಕ್ಕೇ ಅದನ್ನು ಕಡೆಗಣಿಸುವವರನ್ನು ಕಂಡಾಗ ನಮಗೆ ಸೋಜಿಗವಾಗುತ್ತದೆ.

ಇಂಥ ಕೋರ್ಸುಗಳಿಗೆ ಸಿಇಟಿ ಬರೆದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಇಚ್ಛೆಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸಬೇಕು. ಇಲ್ಲಿ ನಡೆಯುವ ತಪ್ಪೊಂದಿದೆ. ಹುಡುಗಿಗೆ ರಾಯಚೂರಿನ ಕಾಲೇಜು ಬೇಕಾಗಿದೆ ಎಂದುಕೊಳ್ಳಿ. "ನಮ್ಮ ರ‍್ಯಾಂಕಿಗೆ ಅದು ಸಿಗೂದಿಲ್ಲ" ಎಂದು ಹೆದರಿ ಭೀಮರಾಯನಗುಡಿಯನ್ನು ಮೊದಲು, ರಾಯಚೂರನ್ನು ಎರಡನೆಯದಾಗಿ ಬರೆಯುತ್ತಾರೆ. ಗಣಕಯಂತ್ರವು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ದೊರೆತರೆ ಅಲ್ಲಿಗೇ ನಿಲ್ಲುತ್ತದೆ. ರಾಯಚೂರು ದೊರೆಯುವಷ್ಟು ರ‍್ಯಾಂಕ್ ಇದ್ದರೂ ಅದನ್ನು ನೋಡುವುದೇ ಇಲ್ಲ. ಹಾಗಲ್ಲದೆ ಮನಸ್ಸಿಗೆ ಬೇಕಾದುದನ್ನೇ ಮೊದಲು ಬರೆದರೆ ನಷ್ಟವೇನೂ ಇಲ್ಲ: ಅದು ದೊರೆಯದಿದ್ದರೆ ಅದೇ ರ‍್ಯಾಂಕಿಗೆ ಎರಡನೆಯದನ್ನು ಪರಿಶೀಲಿಸಲಾಗುತ್ತದೆ. ಮೇಲೆ ಬರೆದುದಕ್ಕೆ ಶಿಕ್ಷೆಯಿಲ್ಲ. ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಪಟ್ಟಿಯಲ್ಲಿ ಬರೆಯಲೇಬೇಡಿರಿ. ಮೊದಲು ಅಣಕು ಹಂಚಿಕೆ ಪ್ರಕಟವಾಗುತ್ತದೆ. ಅದನ್ನು ನೋಡಿದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯ ನಂತರ, ಸಿಕ್ಕ ಸೀಟನ್ನು ಉಳಿಸಿಕೊಂಡು ಇನ್ನೂ ಮೇಲಿನ ಇಚ್ಛೆಗೆ ಕಾಯುವ ಆಯ್ಕೆಯೂ ಉಂಟು. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ದೊರೆತ ಕ್ಷಣ ಹಿಂದಿನದು ತಾನಾಗಿ ರದ್ದಾಗುತ್ತದೆ, ಮರಳಿ ಕೇಳುವಂತಿಲ್ಲ. ಈ ಮಾತನ್ನು ಮನೆಮಂದಿಯೆಲ್ಲ ಕುಳಿತು ಅರ್ಥಮಾಡಿಕೊಂಡು ತೀರ್ಮಾನಿಸಬೇಕು.

ಹಕ್ಕಿನ ಕಾಗದಗಳ ವಿಷಯದಲ್ಲಿ ಉದಾಸೀನ ಬೇಡ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು, ರಾಜ್ಯದ ಉಳಿದ ಭಾಗದ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಮೀಸಲಾಗಿವೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಸಿಇಟಿ ಪ್ರವೇಶದಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ, ಆ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು. ಹೊಲದಲ್ಲಿ ಬೆಳೆದ ಹುಡುಗ ಅರ್ಜಿಯಲ್ಲಿ ಆ ಕಾಲಂ ತುಂಬದೆ ಬಿಟ್ಟು ಅವಕಾಶ ಕಳೆದುಕೊಂಡುದನ್ನು ಕೇಳಿದಾಗ ನಮಗಾದ ನೋವು ಸಣ್ಣದಲ್ಲ.

ಈ ಪ್ರಮಾಣಪತ್ರಗಳನ್ನು ಫಲಿತಾಂಶ ಬಂದ ಮೇಲೆ ಮಾಡಿಸಲು ಹೊರಟರೆ ಕಚೇರಿಯ ಮುಂದೆ ಇಡೀ ತಾಲ್ಲೂಕೇ ಸಾಲು ನಿಂತಿರುತ್ತದೆ. ದ್ವಿತೀಯ ಪಿಯುಸಿ ತರಗತಿಗಳು ನಡೆಯುತ್ತಿರುವಾಗಲೇ, ದಸರೆಯ ರಜೆಯಲ್ಲಿ ಮಗುವನ್ನೂ ಕರೆದುಕೊಂಡು ಹೋಗಿ ಅರ್ಜಿ ಕೊಟ್ಟು ಬನ್ನಿರಿ. ಶ್ರೀಮಠಕ್ಕೆ ಬರುವಾಗ ಅಂಕಪಟ್ಟಿಯ ಜೊತೆಗೆ ಆ ಕಾಗದಗಳನ್ನೂ, ನಿಮ್ಮೂರಿಗೆ ಬರುವ ಬಸ್ಸಿನ ವೇಳೆಯನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿರಿ.